ಯಂತ್ರಗಳ ದೊಡ್ಡಮ್ಮ

ನಮ್ಮ ಯಂತ್ರ ಸಂಗ್ರಹಾಲಯಕ್ಕೆ ಬಂದವರನ್ನೆಲ್ಲ ಸುತ್ತಾಡಿಸಿ ವಿವರಿಸುವ ಗೈಡ್‌ಗೆ ನಾವು ಕೆಲಸದವರು ಇಟ್ಟ ಹೆಸರು ದೊಡ್ಡಮ್ಮ. ಅಲ್ಲಿನ ಯಂತ್ರಗಳೆಲ್ಲ ಅವರಿಗೆ ನೆಂಟರೇ. ಹಬೆ ಎಂಜಿನ್ನಿನ ಹೊಟ್ಟೆ ತಟ್ಟಿ, "ಇವನು ಹಿರೀಮಗ. ಗಣಿಯ ನೀರು ಎತ್ತೋಕೆ ಅಂತ ಹುಟ್ಟಿದ, ಆಮೇಲೆ ರೈಲನ್ನೇ ಎಳೆದ. ಎಷ್ಟು ಕಲ್ಲಿದ್ದಲು ಹಾಕಿದ್ರೂ ಬಕಾಸುರನ ಹೊಟ್ಟೆ" ಎನ್ನುತ್ತಾರೆ. ಟೆಲಿಗ್ರಾಫ್ ಅವರ ನಾದಿನಿ: "ಕಡ್ಡೀನ ಗುಡ್ಡ ಮಾಡೋಳಲ್ಲ, ಗುಡ್ಡದಂಥ ಸುದ್ದೀನೂ ಚುಕ್ಕಿ-ಗೆರೇಲಿ ಮುಗಿಸ್ತಾಳೆ." ಹಬೆಯ ಒತ್ತಡ ಹೆಚ್ಚಾದರೆ ತಾನಾಗಿ ತೆರೆದುಕೊಳ್ಳುವ ಕವಾಟದ ಮುಂದೆ ಮಾತ್ರ ನಿಟ್ಟುಸಿರು: "ನಮ್ಮ ಯಜಮಾನರಿಗೂ ಇಂಥದ್ದೊಂದು ಹಾಕಿಸಬೇಕಿತ್ತು." ಯಾರಾದರೂ ಚಕ್ರ ಮುಟ್ಟಿದರೆ, "ದೊಡ್ಡವರ ಮೈಮೇಲೆ ಕೈ ಹಾಕಬಾರದಪ್ಪ" ಎಂದು ಗದರುತ್ತಾರೆ. ಇಷ್ಟು ಬಾಯಿಬಡುಕಿಯಾದರೂ ಯಂತ್ರಮಗ್ಗ ಓಡತೊಡಗಿದರೆ ದನಿ ಏರಿಸುವುದಿಲ್ಲ. ಕಿವಿ ಗಡಚಿಕ್ಕುವ ಆ ಸದ್ದಿನಲ್ಲಿ ಬರೀ ತುಟಿ ಆಡಿಸಿ ವಿವರಿಸುತ್ತಾರೆ. ಜನ ನಗುತ್ತಾರೆ. ಮಗ್ಗ ನಿಲ್ಲಿಸಿ, "ಬಟ್ಟೆ ಗಿರಣೀಲಿ ಹೀಗೇ ಮಾತು. ನಮ್ಮಮ್ಮ ಅಲ್ಲಿ ದುಡಿದೂ ದುಡಿದೂ ಕಿವಿ ಕಳ್ಕೊಂಡ್ಳು. ಮನೇಲೂ ನಾವು ಹೀಗೇ ಮಾತಾಡ್ತಿದ್ವಿ" ಎಂದು ಮುಂದಕ್ಕೆ ಹೊರಡುತ್ತಾರೆ. ಮೊನ್ನೆ ಮಗ್ಗ ಓಡುತ್ತಿದ್ದಾಗಲೇ ಗುಂಪಿನ ಹಿಂದೆ ನಿಂತಿದ್ದ ಒಬ್ಬ ಮುದುಕಿ ತುಟಿಯಲ್ಲೇ ಏನೋ ಉತ್ತರ ಕೊಟ್ಟಳು. ದೊಡ್ಡಮ್ಮ ತಬ್ಬಿಬ್ಬಾದರು, ಆಮೇಲೆ ತುಟಿಯಲ್ಲೇ ಏನೋ ಕೇಳಿದರು. ಮುದುಕಿ ನಕ್ಕು ಅದಕ್ಕೂ ಹೇಳಿದಳು. ಅವರಮ್ಮ ತೀರಿಕೊಂಡ ಮೇಲೆ ಆ ಭಾಷೆಯಲ್ಲಿ ಅವರಿಗೆ ಸಿಕ್ಕ ಮೊದಲ ಉತ್ತರ ಅದು. ಅಂದು ಮಗ್ಗ ನಿಲ್ಲಿಸಲು ದೊಡ್ಡಮ್ಮನಿಗೆ ಮನಸ್ಸೇ ಬರಲಿಲ್ಲ. ನಾವೆಲ್ಲ ಕಿವಿ ಮುಚ್ಚಿಕೊಂಡು, ಅವರಿಬ್ಬರ ಹರಟೆ ಮುಗಿಯಲೆಂದು ಕಾದೆವು.