ಕಾಕಿಯ ಗದ್ದದ ಚುಕ್ಕಿಗಳು

ಕಳೆದ ಶ್ರಾವಣದ ಎರಡನೆಯ ಸೋಮವಾರ, ಊಟದ ಹೊತ್ತು ಮೀರಿದ ಮೇಲೆ, ಬಸವಕಲ್ಯಾಣದ ಕೋಟೆಗೆ ಹೋಗುವ ದಾರಿಯ ಸ್ಟುಡಿಯೋದಲ್ಲಿ ನಾನು ಪ್ರಿಂಟರಿನ ಎಡಕ್ಕೆ ನಿಂತಿದ್ದೆ. ಎದುರಿಗೆ ಶರಣಪ್ಪ ಕಾಕಾ. ಕಾಗದ ಅವರ ಕಡೆಗೆ ಹೊರಬಂತು. ಆದ್ದರಿಂದ ಮೊದಲು ನೋಡಿದವರು ಅವರೇ.

“ಇಕಿ ಯಾರಪಾ?” ಅಂದರು.

ಅದು ಅವರ ಹೆಂಡತಿ. ಹಿಂದಿನ ವರ್ಷ ತೀರಿಕೊಂಡ ಗಂಗಮ್ಮ ಕಾಕಿ. ವರ್ಷದ ಪೂಜೆಗೆ ಆಕೆಯ ದೊಡ್ಡ ಫೋಟೋ ಪಡಸಾಲೆಗೆ ಬರಬೇಕು, ದಿನಾ ಎದ್ದು ಆ ಮುಖ ನೋಡಬೇಕು ಎಂಬುದೊಂದೇ ಕಾಕಾರ ಆಸೆ. ಕ್ಯಾಮೆರಾ ಕಂಡರೆ ಸೆರಗು ಮುಂದೆಳೆಯುವ ಕಾಕಿಯ ಮುಖ ಪೂರ್ತಿ ಕಾಣುವ ಫೋಟೋ ಇದ್ದದ್ದು ಒಂದೇ. ಹುಮನಾಬಾದಿನಲ್ಲಿರುವ ಆಕೆಯ ತಮ್ಮ ರೇವಣಪ್ಪ ತನ್ನ ಫೋನಿನಲ್ಲಿ ತೆಗೆದದ್ದು.

ಅವನು ಅದನ್ನು ನೇರ ಸ್ಟುಡಿಯೋಕ್ಕೆ ಕಳಿಸಬಹುದಿತ್ತು. ಆದರೆ ನಮ್ಮಲ್ಲಿ ಎಲ್ಲರೂ ನೋಡಿ ಹೂಂ ಅನ್ನದೆ ಯಾವ ಕೆಲಸವೂ ಆಗುವುದಿಲ್ಲ. ಫೋಟೋ ವಾಟ್ಸಾಪಿನ ಮನೆತನದ ಗುಂಪಿಗೆ ಬಿತ್ತು. ಒಬ್ಬರು ಅಂಚು ಕತ್ತರಿಸಿದರು, ಒಬ್ಬರು ಬೆಳಕು ಹೆಚ್ಚಿಸಿದರು, ಒಬ್ಬರು ಸುಕ್ಕು ಒರೆಸಿದರು. ಇನ್ನೊಬ್ಬರು ತಮ್ಮ ಸ್ಟೇಟಸ್ಸಿನ ಸ್ಕ್ರೀನ್‌ಶಾಟ್ ತೆಗೆದು, ಮೇಲೆ ಬ್ಯಾಟರಿಯ ಗುರುತಿನ ಸಮೇತ ಕಳಿಸಿದರು. ಕೈಯಿಂದ ಕೈಗೆ ದಾಟುತ್ತ ಫೈಲು ಜ್ವರ ಬಂದವರಂತೆ ಸೊರಗಿತು. ಅಂಗೈಯಗಲದ ತೆರೆಯಲ್ಲಿ ಈ ಸೊರಗು ಕಾಣುವುದಿಲ್ಲ. ಕಿಟಕಿಯಗಲ ಹಿಗ್ಗಿಸಿದಾಗ ಕಾಣುತ್ತದೆ. ಕಿವಿಯ ಅಂಚು ಮೆಟ್ಟಿಲಾಗಿತ್ತು. ಕೆನ್ನೆ ಸುಲಿದ ಮೊಟ್ಟೆಯಾಗಿತ್ತು. ಗದ್ದದ ಮೇಲಿನ ಹಚ್ಚೆಯ ಹಸಿರು ಚುಕ್ಕಿಗಳು ಇರಲೇ ಇಲ್ಲ.

“ಅಸಲಿ ಫೈಲ್ ತರ್ರಿ ಅಂದಿದ್ದೆ. ಡಾಕ್ಯುಮೆಂಟ್ ಮಾಡಿ ಕಳಸಿದ್ರ ಫೋಟೋ ಕೆಡಂಗಿಲ್ಲ ಅಂದಿದ್ದೆ. ಯಾರ್ ಕೇಳ್ತಾರ್ರಿ?” ಅಂದರು ಸ್ಟುಡಿಯೋದ ಮೆಹಬೂಬ್ ಭಾಯಿ. ಹಾಗೆಂದವರೇ, ಯಾರೂ ಕೇಳದಿದ್ದರೂ, ಕಾಕಿಯನ್ನು ಇನ್ನಷ್ಟು ಬೆಳ್ಳಗೆ ಮಾಡಿದ್ದರು. “ಗೋರಾ ಮಾಡ್ಲಿಲ್ಲಂದ್ರ ಮಂದಿ ಜಗಳಾ ತೆಗಿತಾರ್ರಿ.”

ನಮ್ಮ ಊರ ಚಾಲುಕ್ಯರ ಕಾಲದ ಕಲ್ಲಿನ ಹೆಂಗಸರು ಮೂಗು ಕಳೆದುಕೊಂಡಿದ್ದಾರೆ, ಕೈ ಕಳೆದುಕೊಂಡಿದ್ದಾರೆ. ಆದರೂ ಅವರ ಮುಖಕ್ಕೆ ಯಾರೂ ಪ್ರೀತಿಯಿಂದ ಕೈ ಹಚ್ಚಿಲ್ಲ. ಅಷ್ಟರಮಟ್ಟಿಗೆ ಅವರು ಪುಣ್ಯವಂತರು.

ಕಾಕಾ ರೇವಣಪ್ಪನಿಗೆ ಫೋನ್ ಹಚ್ಚಿಸಿದರು. “ಅಸಲಿ ಫೋಟೋ ಎಲ್ಲೈತೋ?”

“ಮೆಮೊರಿ ಫುಲ್ ಆಗಿತ್ತು ಮಾವಾ. ಗ್ರೂಪಿನ್ಯಾಗ ಐತಲ್ಲಾ ಅಂತ ಡಿಲೀಟ್ ಮಾಡೀನಿ.”

ಆಮೇಲೊಮ್ಮೆ ಅವನ ಫೋನನ್ನು ನಾನೇ ನೋಡಿದೆ. ಶುಭ ಮುಂಜಾನೆಯ ಗುಲಾಬಿಗಳು ಒಂದೂ ಬಾಡದೆ ಹಾಗೇ ಇದ್ದವು.

ಮೆಹಬೂಬ್ ಭಾಯಿ ಸಮಾಧಾನ ಹೇಳಿದರು: “ಹಚ್ಚಿ ನಾ ಹಾಕಿ ಕೊಡ್ತೀನ್ರಿ ಕಾಕಾ. ಎಷ್ಟು ಚುಕ್ಕಿ ಹೇಳ್ರಿ.”

“ಐದು.”

“ಮೂರ್ ಮಾವಾ!” ಫೋನಿನೊಳಗಿಂದ ರೇವಣಪ್ಪ ಕೂಗಿದ. “ನಮ್ಮಕ್ಕನ ಗದ್ದ ನನಗ ಗೊತ್ತಿಲ್ಲೇನು?”

“ಡಿಲೀಟ್ ಮಾಡಿದಾಂವ, ನೀ ಬಾಯಿ ಮುಚ್ಚು.”

ಮನೆಗೆ ಬಂದರೆ, ಸಂಗತಿ ಕೇಳಿದ ಪಕ್ಕದ ಮನೆಯ ಖೈರೂನ್ ಆಪಾ, “ನಾಕ್ರೀ ಭಾಯಿಸಾಬ್! ಮಗ್ಗಲ್ದಾಗ ಕುಂತು ಇಬ್ಬರೂ ಜ್ವಾಳಾ ಹಸನ ಮಾಡೀವಿ, ನಾ ನೋಡಿಲ್ಲೇನು?” ಅಂದರು. ಕಾಕಿಯ ಕೈಯ ರೊಟ್ಟಿ ತಿಂದು ಬೆಳೆದ ನನ್ನನ್ನೂ ಕೇಳಿದರು. ಹಸಿರು ಎಂದು ಆಣೆ ಮಾಡಬಲ್ಲೆ. ಎಷ್ಟು ಎಂದು ಮಾಡಲಾರೆ.

“ಎಲ್ಲಾರೂ ಒಂದ್ ಮಾತಿಗೆ ಬರ್ರಿ, ಆಮ್ಯಾಲ ಹಾಕ್ಸೂಣು,” ಅಂದರು ಕಾಕಾ. ಪೂಜೆ ಖಾಲಿ ಗೋಡೆಯ ಮುಂದೆಯೇ ಆಯಿತು. ಈಗಲೂ ಸಂಜೆಯಾದರೆ ಆಪಾ ಕಟ್ಟೆಗೆ ಬರುತ್ತಾರೆ, ಹುಮನಾಬಾದಿನಿಂದ ಫೋನು ಬರುತ್ತದೆ, ಜಗಳ ಹತ್ತುತ್ತದೆ. ಜಗಳ ಜೋರಾದಷ್ಟೂ ಕಾಕಿಯ ಮುಖ ಸ್ವಚ್ಛವಾಗಿ ಕಾಣುತ್ತದೆ. ಅಷ್ಟು ಸ್ವಚ್ಛ ಯಾವ ಕಾಗದದ ಮೇಲೂ ಬಂದಿಲ್ಲ.

ಆ ಗದ್ದವನ್ನು ಒಂದಿಲ್ಲೊಂದು ಕಾಲಕ್ಕೆ ದಿನಾ ಹತ್ತಿರದಿಂದ ಕಂಡು ಇನ್ನೂ ಬದುಕಿರುವವರು: ಬಸವಕಲ್ಯಾಣದಲ್ಲಿ ಶರಣಪ್ಪ ಕಾಕಾ, ಖೈರೂನ್ ಆಪಾ, ಹುಮನಾಬಾದಿನಲ್ಲಿ ರೇವಣಪ್ಪ, ಮತ್ತೆ ನಾನು.