ಸದನದ ಬಾಗಿಲಿಗೆ ಅಂಟಿಸಿದ ಸಮನ್ಸು

ರಾಯಚೂರು, ಮಾನ್ವಿ, ದೇವದುರ್ಗ, ಈ ಮೂರು ತಾಲೂಕಿನಲ್ಲಿ ತನ್ನ ಕೈಯಿಂದ ಸಮನ್ಸು ತಪ್ಪಿಸಿಕೊಂಡ ಜೀವಿ ಇನ್ನೂ ಹುಟ್ಟಿಲ್ಲ ಎಂದು ಕೋರ್ಟಿನ ಅಮೀನ ಸುಂಕಪ್ಪ ಹೇಳುತ್ತಿದ್ದ. ಕೇಳುವವರಿದ್ದರೆ ಎರಡು ಸಲ, ಯಾರೂ ಇಲ್ಲದಿದ್ದರೆ ತನ್ನ ಸೈಕಲ್ಲಿಗೆ ಒಂದು ಸಲ. ಯಾಪಲದಿನ್ನಿಯಲ್ಲಿ ಒಬ್ಬ ಪ್ರತಿವಾದಿ ಬಾವಿಗಿಳಿದು ಕೂತಾಗ, ಸಮನ್ಸನ್ನು ಕೊಡದಲ್ಲಿಟ್ಟು ಇಳಿಬಿಟ್ಟು, ಹೆಬ್ಬೆಟ್ಟು ಒತ್ತಿಸಿ ಮೇಲೆಳೆದುಕೊಂಡನಂತೆ. ಜೊತೆಗೆ ಅರ್ಧ ಕೊಡ ನೀರೂ ಬಂತಂತೆ.

ಮಾತು ದೊಡ್ಡದು, ನೌಕರಿ ಸಣ್ಣದು. ಕೂಲಿ ಮಾಡಿ ಬದುಕಿದ ಮನೆತನದಲ್ಲಿ ಸರ್ಕಾರಿ ಖಾಕಿ ತೊಟ್ಟವರಲ್ಲಿ ಅವನೇ ಮೊದಲಿಗ. ಪಿಂಚಣಿಗೆ ಇನ್ನು ಹದಿನಾಲ್ಕೇ ತಿಂಗಳು.

ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ಇಬ್ಬರು ಶಾಸಕರು ಜಗಳಕ್ಕೆ ಬಿದ್ದರು. ಗಡಿಗೆಪ್ಪ ಎಂಬ ಶಾಸಕ ವಿಧಾನಸಭೆಯಲ್ಲಿ ಎದ್ದು ನಿಂತು, ಶಂಭುಲಿಂಗಪ್ಪ ಎಂಬ ಇನ್ನೊಬ್ಬ ಶಾಸಕ ಕೆರೆ ಏರಿಯ ಕಲ್ಲು ಕಿತ್ತು ತನ್ನ ಅಕ್ಕಿ ಗಿರಣಿ ಕಟ್ಟಿಸಿದ್ದಾನೆ ಎಂದ. ಅಷ್ಟಕ್ಕೇ ಬಿಡದೆ ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಾಕಿಸಿ ಅದನ್ನೇ ಮತ್ತೆ ಹೇಳಿದ. ಶಂಭುಲಿಂಗಪ್ಪ ರಾಯಚೂರಿನ ಕೋರ್ಟಿನಲ್ಲಿ ಮಾನನಷ್ಟದ ದಾವೆ ಹೂಡಿದ. ಗಡಿಗೆಪ್ಪನ ಮನೆ ದೇವದುರ್ಗದಲ್ಲಿ. ಸಮನ್ಸು ಸುಂಕಪ್ಪನ ಚೀಲಕ್ಕೆ ಬಿತ್ತು.

ಮೂರು ಸಲ ಹೋದ. ಮೂರು ಸಲವೂ ಶಾಸಕರು ಅಧಿವೇಶನಕ್ಕೆ ಬೆಂಗಳೂರಿಗೆ ಹೋಗಿದ್ದಾರೆ ಎಂಬ ಉತ್ತರ ಬಂತು. ನಾಲ್ಕನೆಯ ಸಲ, ಕಾಯಿದೆಯಲ್ಲಿರುವಂತೆ, ಎದುರಿನ ಚಹಾದಂಗಡಿಯ ವಲಿ ಪಾಷಾನನ್ನು ಸಾಕ್ಷಿ ಮಾಡಿಕೊಂಡು, ಜೋಳದ ಅಂಬಲಿ ಬಳಿದು ಸಮನ್ಸನ್ನು ಬಾಗಿಲಿಗೇ ಅಂಟಿಸಿದ. ಬಾಗಿಲ ಮೇಲೆ ‘ಅನ್ನಮ್ಮ ಸದನ’ ಎಂದು ಸಿಮೆಂಟಿನ ಅಕ್ಷರಗಳು, ಒಂದೊಂದೂ ಒಂದು ಎತ್ತಿನಷ್ಟು. ಓಣಿಯ ತಿರುವಿನಲ್ಲಿ ಹಿಂದಿರುಗಿ ನೋಡಿದರೆ, ಅಂಗಳದಲ್ಲಿ ಕಟ್ಟಿದ್ದ ಎಮ್ಮೆ ಕುತ್ತಿಗೆ ಚಾಚಿ ಅಂಬಲಿಯ ರುಚಿಗೆ ಸಮನ್ಸನ್ನು ಮೊಹರಿನ ಸಮೇತ ಮೆಲ್ಲುತ್ತಿತ್ತು. ಸುಂಕಪ್ಪ ಕಂಡೂ ಕಾಣದವನಂತೆ ಸೈಕಲ್ ತುಳಿದ.

ವರದಿ ಬರೆದ: ‘ಶಾಸಕರು ಸಿಗದ ಕಾರಣ ಸದನದ ಬಾಗಿಲಿಗೆ ಸಮನ್ಸು ಅಂಟಿಸಿ ಬಂದಿರುತ್ತೇನೆ.’ ಅನ್ನಮ್ಮ ಶಾಸಕರ ತಾಯಿ. ಹೆತ್ತವಳ ಹೆಸರನ್ನು ಕೋರ್ಟಿನ ಕಾಗದಕ್ಕೆ ಎಳೆಯುವುದು ಚೆಂದವಲ್ಲವೆಂದು ಬಿಟ್ಟಿದ್ದ.

ಆ ಮರ್ಯಾದೆಯೇ ಕೊರಳಿಗೆ ಬಂತು. ಅಧಿವೇಶನ ನಡೆಯುತ್ತಿರುವಾಗ ಅಮೀನ ವಿಧಾನಸಭೆಯ ಬಾಗಿಲಿಗೇ ಸಮನ್ಸು ಅಂಟಿಸಿದ್ದಾನೆ, ಇದು ಶಾಸಕರ ಹಕ್ಕುಚ್ಯುತಿ ಎಂದು ಗಡಿಗೆಪ್ಪನ ವಕೀಲರು ಅರ್ಜಿ ಹಾಕಿದರು. ಸೈಕಲ್ಲಿನ ಮೇಲೆ ಬೆಂಗಳೂರಿಗೆ ಹೋಗಿ ಬರುವುದುಂಟೇ? ಆದರೆ ಸುಂಕಪ್ಪನ ಬಡಾಯಿ ಕೇಳಿದ್ದವರು, ಹೋದರೂ ಹೋಗಿರಬಹುದು ಎಂದರು.

ಕೋರ್ಟಿನ ಶಿರಸ್ತೇದಾರ ಮಲ್ಲಯ್ಯ ಅವನನ್ನು ಕರೆದು ಬಿಡಿಸಿ ಹೇಳಿದರು. ಸದನದೊಳಗೆ ಆಡಿದ ಮಾತಿಗೆ ಕೋರ್ಟು ಕೈಹಾಕುವಂತಿಲ್ಲ. ಬಸ್‌ಸ್ಟ್ಯಾಂಡಿನ ಮಾತಿಗೆ ಹಾಕಬಹುದು. ಆದರೆ ಸದನದ ಹೊಸ್ತಿಲು ತುಳಿದ ಅಮೀನನನ್ನು ಸಭಾಧ್ಯಕ್ಷರು ಬೆಂಗಳೂರಿಗೆ ಕರೆಸಿ ನಿಲ್ಲಿಸಿ ಕೇಳಬಹುದು.

“ಜೇಲಿಗಿ ಹಾಕ್ತಾರೇನ್ರಿ?”

“ಹಾಕಿದ್ರೂ ಹಾಕಬಹುದಪಾ. ನೌಕರಿ ಅಂತೂ ಹೋದಂಗ.”

ಅದು ಮನೆಯ ಬಾಗಿಲು ಎನ್ನೋಣವೆಂದರೆ, ಅಲ್ಲಿದ್ದ ಸಮನ್ಸು ಎಲ್ಲಿ ಎಂದು ಕೇಳುತ್ತಾರೆ. ಎಮ್ಮೆ ತಿಂದಿತು ಎಂದರೆ, ವರದಿಯಲ್ಲಿ ಏಕೆ ಮುಚ್ಚಿಟ್ಟೆ ಎನ್ನುತ್ತಾರೆ. ಸಾಕ್ಷಿ ವಲಿ ಪಾಷಾನನ್ನು ಕರೆಸಿದರೂ ಎಮ್ಮೆಯ ಸಂಗತಿ ಹೊರಬೀಳುತ್ತದೆ. ಎತ್ತ ಹೊರಳಿದರೂ ಹದಿನಾಲ್ಕು ತಿಂಗಳು ಕಣ್ಣ ಮುಂದೆಯೇ ಕರಗುತ್ತಿದ್ದವು. ಹದಿನೈದು ದಿನದಲ್ಲಿ ಸುಂಕಪ್ಪ ಎಷ್ಟು ಸೊರಗಿದನೆಂದರೆ, ಅವನ ಖಾಕಿ ಅಂಗಿಯೊಳಗೆ ಇನ್ನೊಬ್ಬ ಅಮೀನನನ್ನು ನೇಮಕ ಮಾಡಿಕೊಳ್ಳಬಹುದಿತ್ತು. ಅಂಚೆಯವನ ಗಂಟೆ ಕೇಳಿದರೆ, ಸಭಾಧ್ಯಕ್ಷರ ಕರೆ ಬಂತೆಂದು ಕಾಳಿನ ಚೀಲಗಳ ಹಿಂದೆ ಸೇರಿಕೊಳ್ಳುತ್ತಿದ್ದ.

“ಅಲ್ಲಿ ಕುಂತ್ರ ಸಿಕ್ಕಬೀಳ್ತಿ,” ಎಂದಳು ಹೆಂಡತಿ ಗೋಪಮ್ಮ. “ಬಾವಿಗಿ ಇಳಿ. ಊಟದ ಹೊತ್ತಿಗಿ ನಾ ಕೊಡ ಇಳಿಬಿಡ್ತೀನಿ.”

ವಿಚಾರಣೆಯ ದಿನ ಗಡಿಗೆಪ್ಪ, ಈ ಕೋರ್ಟಿಗೆ ತನ್ನ ಮೇಲೆ ಅಧಿಕಾರವೇ ಇಲ್ಲವೆಂದು ಹೇಳುವುದಕ್ಕೆ, ಈ ಕೋರ್ಟಿಗೇ ಬಂದಿದ್ದ. ನ್ಯಾಯಪೀಠದಲ್ಲಿದ್ದ ಮುನಸೀಫರು ಬಸ್‌ಸ್ಟ್ಯಾಂಡಿನ ಮಾತನ್ನು ವಿಚಾರಿಸಲು ತಮಗೆ ಯಾವ ಅಡ್ಡಿಯೂ ಇಲ್ಲವೆಂದರು. ಸಮನ್ಸಿನ ಸಂಗತಿಯಲ್ಲಿ ಮಾತ್ರ ಅಮೀನ ಉತ್ತರ ಕೊಡಬೇಕು ಎಂದರು. ಸುಂಕಪ್ಪ ಕಟಕಟೆ ಹತ್ತಿದ. ಅವನ ಕಾಲಿನ ನಡುಕಕ್ಕೆ ಕಟಕಟೆಯ ಮೊಳೆಗಳು ಒಂದೊಂದಾಗಿ ಹೊರಗೆ ಇಣುಕಿದವು.

ಗಡಿಗೆಪ್ಪನಿಗೆ ತಡೆಯಲಾಗಲಿಲ್ಲ. “ಹೇಳಲೇ ಸುಂಕ್ಯಾ, ಯಾವ ಸದನಕ್ಕ ಅಂಟಿಸೀದಿ? ಖರೇ ಹೇಳು.”

ಮುಚ್ಚಿಟ್ಟುಕೊಂಡು ಸಾಯುವುದಕ್ಕಿಂತ ಹೇಳಿ ಸಾಯೋಣವೆಂದು ಸುಂಕಪ್ಪ ಬಾಯಿ ತೆರೆದ. ಅವನ ಮಾತು ಮುಗಿಯುತ್ತಿದ್ದಂತೆ ಮುನಸೀಫರು ಕರವಸ್ತ್ರ ಬಾಯಿಗೊತ್ತಿಕೊಂಡು ಒಳಕೋಣೆಗೆ ಎದ್ದು ಹೋದರು. ತಿರುಗಿ ಬಂದು ವಕೀಲರ ಅರ್ಜಿಯನ್ನು ವಜಾ ಮಾಡಿ, ಹೊಸ ಸಮನ್ಸನ್ನು ಅಲ್ಲೇ ಗಡಿಗೆಪ್ಪನ ಕೈಗೆ ಕೊಡಿಸಿದರು. ಪಿಂಚಣಿ ಉಳಿಯಿತು. ಬಡಾಯಿ ಮಾತ್ರ ಎಮ್ಮೆಯ ಹೊಟ್ಟೆ ಸೇರಿತ್ತು. ಸುಂಕಪ್ಪ ಅಂದು ಕೈಮುಗಿದು ಹೇಳಿದ್ದು ಇಷ್ಟೇ:

“ಖರೇನ ಹೇಳ್ತೀನ್ರಿ ಯಪ್ಪಾ. ನಾ ಅಂಟಿಸಿದ ಸದನದಾಗ ಸಮನ್ಸು ಎಮ್ಮಿ ತಿಂತ್ರಿ. ಬೆಂಗಳೂರಿನ ಸದನದಾಗೂ ಎಮ್ಮಿ ಅದಾವಂದ್ರ, ತಪ್ಪು ನಂದ.”