ಮುಕಾದಮರ ಬರಿಗಾಲು

ಅವರ ಹಿಮ್ಮಡಿಯ ಸೀಳಿನಲ್ಲಿ ಬೆಂಕಿಕಡ್ಡಿಯನ್ನು ನೆಟ್ಟಗೆ ನಿಲ್ಲಿಸಬಹುದಿತ್ತು. ಉಪಮೆ ಹೇಳುತ್ತಿಲ್ಲ. ಒಂದು ದಿನ ಊಟವಾದ ಮೇಲೆ ಅವರೇ ನಿಲ್ಲಿಸಿ, ಖಾನಾವಳಿಯಲ್ಲಿದ್ದವರನ್ನೆಲ್ಲ ಕರೆದು ತೋರಿಸಿದ್ದರು. ಕಾಲಿನ ಬೆರಳುಗಳು ಮಾತು ಬಿಟ್ಟ ಅಣ್ಣತಮ್ಮಂದಿರಂತೆ ದೂರ ದೂರ ಹರಡಿದ್ದವು. ಪುಣೆಯ ಕೊಂಢವಾದಲ್ಲಿದ್ದ ನನ್ನ ಖಾನಾವಳಿಗೆ ಅವರು ದಿನಾ ಮಧ್ಯಾಹ್ನ ಬರುತ್ತಿದ್ದರು. ನಾನು ರೊಟ್ಟಿ ಬಡಿಯುತ್ತ ಕೆಳಗೆ ಕೂತಿರುತ್ತಿದ್ದುದರಿಂದ ಅವರ ಮುಖಕ್ಕಿಂತ ಮೊದಲು ನನಗೆ ಕಾಣುತ್ತಿದ್ದುದು ಬೆಂಚಿನ ಕೆಳಗಿನ ಆ ಪಾದಗಳು. ಏಪ್ರಿಲ್ ಬಿಸಿಲಿನ ಡಾಂಬರು ರಸ್ತೆಯ ಮೇಲೂ ಅವರದು ಬರಿಗಾಲೇ.

ಯಾವುದೋ ದೇವರ ಹರಕೆ ಎಂದು ಜನ ತಿಳಿದಿದ್ದರು. ಅದು ಹರಕೆಯಲ್ಲ. ಅವರು ಚಪ್ಪಲಿ ಬಿಟ್ಟದ್ದು ನಾನು ಮಾಡಿದ ಒಂದು ತಪ್ಪಿನಿಂದ. ಅದನ್ನು ಅವರೆದುರು ಹೇಳಲು ನನಗೆ ಮೂವತ್ತೈದು ವರ್ಷ ಬೇಕಾಯಿತು.

ಊರಿನಿಂದ ಕೂಲಿಯವರನ್ನು ಕರೆತಂದು, ಅವರ ಮುಂದೆ ನಿಂತು ಕೆಲಸ ಮಾಡಿಸುವವರಿಗೆ ಪುಣೆಯಲ್ಲಿ ಮುಕಾದಮ ಎನ್ನುತ್ತಾರೆ. ಇವರು ಯಾದಗಿರಿ ಕಡೆಯವರು, ಬಿಸಿಲಿಗೆ ಹುಟ್ಟಿದವರು. ನಾನು ಅದಕ್ಕೆ ಪೂರಾ ವಿರುದ್ಧ. ಹುಟ್ಟಿದ್ದು ಖಾನಾಪುರದ ಮಳೆಯಲ್ಲಿ, ಮ್ಯಾಟ್ರಿಕ್ ಮುಗಿಸಿ ಹೊಟ್ಟೆಪಾಡಿಗೆ ಬಂದದ್ದು ಪುಣೆ ಹತ್ತಿರದ ಲೋಣಾವಳಾದ ಮಳೆಗೆ. ಅಲ್ಲಿನ ಹೊಟೇಲೊಂದರಲ್ಲಿ ಅಡಿಗೆಯವನಾಗಿದ್ದೆ. ಜೂನ್ ಬಂತೆಂದರೆ ಉಪ್ಪು ನೀರಾಗುತ್ತಿತ್ತು, ಶೇಂಗಾ ಚಿಕ್ಕಿ ಬೆರಳಿಗೆ ಅಂಟುತ್ತಿತ್ತು. ಬನಿಯನ್ನನ್ನು ಒಲೆಯ ಮೇಲೆ ಒಣಗಿಸಿ ಹೊಗೆಯ ವಾಸನೆಯ ಸಮೇತ ತೊಟ್ಟುಕೊಳ್ಳುತ್ತಿದ್ದೆ.

ಪುಣೆಯ ಒಬ್ಬ ಕಂತ್ರಾಟುದಾರನಿಗೆ ರಾಜಸ್ಥಾನದ ಮರುಭೂಮಿಯಲ್ಲಿ ಸರ್ಕಾರಿ ಕ್ವಾರ್ಟರ್ಸ್ ಕಟ್ಟುವ ಕೆಲಸ ಸಿಕ್ಕಿತು. ಮುಕಾದಮರು ತಮ್ಮ ಜನರಿಗೆ ಅಡಿಗೆಯವನನ್ನು ಹುಡುಕುತ್ತ ಲೋಣಾವಳಾಕ್ಕೆ ಬಂದರು.

"ರೊಟ್ಟಿ ಬಡ್ಯಾಕ ಬರ್ತದೇನು?"

"ಬರ್ತೈತ್ರಿ."

"ನೀರು ಕಡಿಮಿ ಖರ್ಚ ಮಾಡಾಕ?"

"ಅದೂ ಬರ್ತೈತ್ರಿ."

ಅವರಿಗೆ ನಾನು ಹೇಳಿದ ಮೊದಲ ಸುಳ್ಳು ಅದು.

ಮರಳಿಗೆ ಹೋದ ಎರಡನೆಯ ದಿನವೇ ನನ್ನ ಮೂಗಿನಿಂದ ರಕ್ತ ಬಂತು. ತುಟಿ ಒಡೆದು ನಗಲಾಗುತ್ತಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಡೇರೆಯ ಹಿಂದೆ ನಿಂತು ಎರಡು ತಂಬಿಗೆ ನೀರು ತಲೆಯ ಮೇಲೆ ಸುರಿದುಕೊಂಡೆ. ಮುಕಾದಮರು ಎಲ್ಲಿದ್ದರೋ, ಕಬ್ಬಿಣದ ಬುಟ್ಟಿ ಹಿಡಿದುಕೊಂಡು ಓಡಿ ಬಂದು ನನ್ನ ಕಾಲ ಬುಡಕ್ಕೆ ತಳ್ಳಿದರು.

"ಬುಟ್ಟ್ಯಾಗ ನಿಂದ್ರು, ಮಳಿರಾಜಾ. ನಿನ್ನ ಮೈ ತೊಳದ ನೀರಿಗಿ ಇನ್ನೂ ಎರಡು ಕೆಲಸ ಅದಾವ."

ಅಂದಿನಿಂದ ನನ್ನ ಹೆಸರು ಮಳಿರಾಜಾ. ಆ ಬುಟ್ಟಿಯ ನೀರಿನಲ್ಲಿ ಅವರು ತಮ್ಮ ಅಂಗಿ ಹಿಂಡಿದರು, ಉಳಿದದ್ದನ್ನು ಇಟ್ಟಿಗೆಯ ಗಿಲಾವಿನ ಸಿಮೆಂಟಿಗೆ ಕಲಸಿದರು. ಪಾತ್ರೆಗಳನ್ನು ಉಸುಕಿನಲ್ಲಿ ತಿಕ್ಕುವುದು, ಬಾಯಾರುವ ಮೊದಲೇ ಒಂದು ಗುಟುಕು ಕುಡಿಯುವುದು, ಮಧ್ಯಾಹ್ನ ಮೈತುಂಬ ಬಟ್ಟೆ ಹೊದೆಯುವುದು, ಇದನ್ನೆಲ್ಲ ಅವರೇ ನನಗೆ ಕಲಿಸಿದರು. ಕಲಿಸುವಾಗ ಬೈಗುಳ ಜಾಸ್ತಿ. ಆದರೆ ನಾನು ಕಲಿತದ್ದನ್ನು ಮಾಡಿ ತೋರಿಸಿದ ದಿನ ಎಲ್ಲರನ್ನೂ ಕರೆದು ಹೊಗಳುತ್ತಿದ್ದರು.

ತಿಂಗಳು ಕಳೆಯುವಷ್ಟರಲ್ಲಿ ನನಗೆ ಆ ಒಣ ನೆಲದ ಮೇಲೆ ಆಸೆ ಹುಟ್ಟಿತು. ಒಗೆದ ಎರಡನೆಯ ಅಂಗಿಯನ್ನು ಹರವುವುದರೊಳಗೆ ಮೊದಲನೆಯದು ಒಣಗಿರುತ್ತಿತ್ತು. ಕಡ್ಡಿ ಗೀರಿದರೆ ಒಂದೇ ಸಲಕ್ಕೆ ಹೊತ್ತುತ್ತಿತ್ತು. ಲೋಣಾವಳಾದಿಂದ ನಾನು ಒಯ್ದಿದ್ದ ಒಂದು ಡಬ್ಬಿ ಚಿಕ್ಕಿ ಮೂರು ತಿಂಗಳಾದರೂ ಟಪ್ಪೆಂದು ಮುರಿಯುತ್ತಿತ್ತು. ಮುಕಾದಮರು ಒಂದು ತುಂಡನ್ನು ನನ್ನ ಕಿವಿಯ ಹತ್ತಿರ ಹಿಡಿದು ಮುರಿದು ಹೇಳಿದ್ದರು: "ಕೇಳು. ನಿಮ್ಮೂರಾಗ ಇದು ಅಳ್ತದ, ಇಲ್ಲಿ ನಗ್ತದ."

ನಮ್ಮ ಡೇರೆಗಳ ಆಚೆ ಒಂದೇ ಒಂದು ಮನೆ. ಅಲ್ಲೊಬ್ಬ ಅಜ್ಜ, ಅವನ ಮಕ್ಕಳು, ಆಡುಗಳು. ಅಜ್ಜನ ಹಿಂದಿ ಮುಕಾದಮರಿಗೆ ತಿಳಿಯುತ್ತಿರಲಿಲ್ಲ, ಮುಕಾದಮರ ಹಿಂದಿ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಇಬ್ಬರೂ ಸಂಜೆ ಹೊರಸಿನ ಮೇಲೆ ಕೂತು ತಾಸುಗಟ್ಟಲೆ ಮಾತಾಡುತ್ತಿದ್ದರು.

ಇನ್ನು ನನ್ನ ತಪ್ಪಿನ ಮಾತು. ನಲವತ್ತು ಜನರಿಗೆ ಅನ್ನ ಬಸಿದರೆ ದೊಡ್ಡ ಕೊಡದ ತುಂಬ ಗಂಜಿ ಬರುತ್ತಿತ್ತು. ಅದನ್ನು ಅಜ್ಜನ ಆಡುಗಳಿಗೆ ಕೊಟ್ಟು ಬಾ ಎಂದು ಮುಕಾದಮರ ಅಪ್ಪಣೆ. ಬಿಸಿ ಗಂಜಿ ಹೊತ್ತು ಮರಳಿನಲ್ಲಿ ಅಷ್ಟು ದೂರ ನಡೆಯಲು ನನಗೆ ಬೇಸರ. ಒಂದು ನಸುಕಿನಲ್ಲಿ ಹತ್ತಿರದ ದಿಬ್ಬದ ಹಿಂದೆ ಹೋದಾಗ ಒಂದು ಚಂದದ ಅಂಗಳ ಕಂಡಿತು. ದುಂಡಗೆ, ನುಣ್ಣಗೆ ಗಾರೆ ಮಾಡಿದ್ದು. ಸುತ್ತಲಿಂದ ನಡುವಿಗೆ ಇಳಿಜಾರು, ನಡುವೆ ಗುಮ್ಮಟದಂಥ ಸಣ್ಣ ಕಟ್ಟಡ, ಅದರ ಬುಡದಲ್ಲಿ ತೂತುಗಳು. ನಾನು ಬೆಳೆದ ಊರಿನಲ್ಲಿ ಇಳಿಜಾರು ಮಾಡಿ ಕೊನೆಗೆ ತೂತು ಬಿಟ್ಟಿದ್ದಾರೆಂದರೆ ಅದು ಬಚ್ಚಲು. ನೀರು ಮನೆಯಿಂದ ಆಚೆ ಹೋದರೆ ಸಾಕು ಎಂದು ಬದುಕಿದವರು ನಾವು. ನೀರು ಒಳಗೆ ಬರಲಿ ಎಂದು ಯಾರಾದರೂ ನೆಲಕ್ಕೆ ಗಾರೆ ಮಾಡಿಯಾರು ಎಂದು ನನಗೆ ಹೊಳೆಯಲೇ ಇಲ್ಲ.

ನಾಲ್ಕು ದಿನ ಅಲ್ಲಿ ಗಂಜಿ ಸುರಿದೆ. ಒಂದು ಹನಿಯೂ ನಿಲ್ಲದೆ ಹರಿದು ಹೋಗುತ್ತಿತ್ತು. ಎಂಥ ಒಳ್ಳೆಯ ಬಚ್ಚಲು ಎಂದು ಕಟ್ಟಿದವರನ್ನು ಮನಸ್ಸಿನಲ್ಲೇ ಹೊಗಳಿದೆ.

ಐದನೆಯ ದಿನ ಸಂಜೆ ಮಳೆ ಬಂತು. ಅಲ್ಲಿ ವರ್ಷಕ್ಕೆ ಒಂದೆರಡು ಸಲ ಬರುವ ಮಳೆ. ಅಜ್ಜನ ಮನೆಯವರೆಲ್ಲ ನಗುತ್ತ ದಿಬ್ಬದ ಹಿಂದಕ್ಕೆ ಓಡಿದರು. ನಾವೂ ಓಡಿದೆವು. ಆ ಅಂಗಳದ ತುಂಬ ನೀರು ಬೆಳ್ಳಗೆ ಜಾರಿ ತೂತುಗಳೊಳಗೆ ಇಳಿಯುತ್ತಿತ್ತು. ಗುಮ್ಮಟದ ಕೆಳಗೆ ನೆಲದೊಳಗೆ ದೊಡ್ಡ ತೊಟ್ಟಿ ಇದೆ, ಮನೆಯವರು ವರ್ಷವಿಡೀ ಕುಡಿಯುವುದು ಅದೇ ನೀರು ಎಂದು ಆಗ ತಿಳಿಯಿತು. ನಾನು ನಾಲ್ಕು ದಿನ ಗಂಜಿ ಸುರಿದದ್ದು ಅದರೊಳಕ್ಕೆ. ಅಷ್ಟರಲ್ಲಿ ಮುಕಾದಮರು, ಬರಗಾಲದ ಸೀಮೆಯ ಮನುಷ್ಯ, ಖುಷಿ ತಡೆಯಲಾರದೆ ಚಪ್ಪಲಿ ಕಾಲಲ್ಲೇ ಅಂಗಳದ ನಡುವಿನವರೆಗೆ ಓಡಿ ಹೋಗಿ ಗುಮ್ಮಟಕ್ಕೆ ಕಿವಿಯಿಟ್ಟು, ಒಳಗೆ ನೀರು ಬೀಳುವ ಸದ್ದು ಕೇಳುತ್ತ ನಿಂತುಬಿಟ್ಟರು. ಅಜ್ಜ ಅವರ ಕಾಲು ನೋಡಿ ಕೈ ಬೀಸಿ ಕರೆದ. ಅಲ್ಲಿ ಚಪ್ಪಲಿ ಮೆಟ್ಟಿ ಯಾರೂ ಕಾಲಿಡುವುದಿಲ್ಲವಂತೆ.

ಹೊಸ ನೀರು ತಿಳಿಯಾಗಲೆಂದು ಮುಚ್ಚಿಟ್ಟಿದ್ದ ತೊಟ್ಟಿಯ ಬಾಯಿಯನ್ನು ಎಂಟು ದಿನಕ್ಕೆ ತೆಗೆದರೆ ಹುಳಿ ನಾತ. ಮೇಲೆ ಬಿಳಿ ಪೊರೆ. ಅಜ್ಜ ಬೈಯಲಿಲ್ಲ. ಮುಕಾದಮರ ಚಪ್ಪಲಿಯತ್ತ ಕೈ ತೋರಿ, ಚರ್ಮ ತಾಗಿದರೆ ಹೀಗಾಗುತ್ತದೆ ಎಂದು ನೆಲ ನೋಡುತ್ತ ಮೆಲ್ಲಗೆ ಹೇಳಿದ, ಅಷ್ಟೆ. ಮುಕಾದಮರು ಎರಡೂ ಚಪ್ಪಲಿ ತೆಗೆದು ದೂರ ಒಗೆದು, ಅಜ್ಜನ ಕೈ ಹಿಡಿದುಕೊಂಡರು.

"ನಿಮ್ಮ ನೀರಿನಾಣಿ, ಇನ್ನ ಕಾಲಾಗ ಹಾಕೂದಿಲ್ಲ."

ಅಜ್ಜನಿಗೆ ಕನ್ನಡ ತಿಳಿಯಲಿಲ್ಲ. ನನಗೆ ತಿಳಿಯಿತು.

ಆ ತೊಟ್ಟಿಯನ್ನು ನಾವು ಸಾಲಾಗಿ ನಿಂತು ಬಕೆಟ್ಟಿನಿಂದ ಖಾಲಿ ಮಾಡಿದೆವು. ನಾನೂ ಸಾಲಿನಲ್ಲಿದ್ದೆ. ಪ್ರತಿ ಬಕೆಟ್ಟಿನಲ್ಲೂ ನನ್ನದೇ ಗಂಜಿಯ ವಾಸನೆ. ಮುಕಾದಮರು ಕಂತ್ರಾಟುದಾರನ ಕಾಲು ಹಿಡಿದು ಟ್ಯಾಂಕರ್ ತರಿಸಿ ತೊಟ್ಟಿ ತುಂಬಿಸಿದರು. ಕೆಲಸ ಮುಗಿಸಿ ಹೊರಡುವ ದಿನ ಅಜ್ಜ ಅವರನ್ನು ತಬ್ಬಿಕೊಂಡ. ನಾನು ಮಾತ್ರ ಬಾಯಿ ಬಿಡಲಿಲ್ಲ. ಮೊದಲು ಹೊಡೆತದ ಭಯ, ಆಮೇಲೆ ನಾಚಿಕೆ, ಆಮೇಲೆ ಹೊತ್ತು ಮೀರಿತಲ್ಲ ಎಂಬ ನೆವ.

ಪುಣೆಗೆ ಬಂದ ಮೇಲೆ ನಾನು ಖಾನಾವಳಿ ಹಾಕಲು ಜಾಗ ಹುಡುಕಿಕೊಟ್ಟವರೂ ಅವರೇ. ಬರಿಗಾಲಲ್ಲೇ ಓಣಿ ಓಣಿ ತಿರುಗಿದರು. ಕಾಲ ಬದಲಾಗಿ ದೊಡ್ಡ ಸೈಟುಗಳಲ್ಲಿ ಬೂಟಿಲ್ಲದೆ ಒಳಗೆ ಬಿಡುವುದಿಲ್ಲ ಎಂದಾಯಿತು. ವಾಕಡದ ಒಂದು ಸೈಟಿನ ಗೇಟಿನಲ್ಲಿ ಎಂಜಿನಿಯರು ಹೊಸ ಬೂಟು ಹಿಡಿದು ನಿಂತರೂ ಇವರು ತಿರುಗಿ ಬಂದರಂತೆ. ಒಂದೊಂದಾಗಿ ದೊಡ್ಡ ಕೆಲಸಗಳು ಹೋದವು. ಬೆಳಿಗ್ಗೆ ಕೂಲಿಯವರು ಸೇರುವ ನಾಕಾದಲ್ಲಿ ನಿಂತು, ಊರಿಂದ ಹೊಸದಾಗಿ ಬಂದವರಿಗೆ ಚಿಲ್ಲರೆ ಕೆಲಸ ಕೊಡಿಸುವುದಷ್ಟೇ ಉಳಿಯಿತು. ನನ್ನ ಬಳಿ ಅದನ್ನು ನಗೆಯ ಮಾತಾಗಿ ಹೇಳಿದರು. ನಾನು ಅವರ ರೊಟ್ಟಿಗೆ ಇನ್ನೊಂದು ಚಮಚ ತುಪ್ಪ ಹಾಕಿದೆ. ನನ್ನ ಧೈರ್ಯ ಅಷ್ಟರವರೆಗೆ ಮಾತ್ರ ಹೋಗುತ್ತಿತ್ತು.

ಆಮೇಲೆ ಅವರಿಗೆ ಸಕ್ಕರೆ ಕಾಯಿಲೆ ಬಂತು. ಅಂಗಾಲಿಗೆ ಮೊಳೆ ಚುಚ್ಚಿದ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಒಂದು ದಿನ ಅವರ ಬದಲು ಮಗಳು ಖಾನಾವಳಿಗೆ ಬಂದಳು.

"ಕಾಕಾ, ಚಪ್ಪಲಿ ಹಾಕ್ಕೊಳ್ಳಲಿಲ್ಲಂದ್ರ ಪಾದಾನೇ ತಗೀಬೇಕಾಗ್ತದ ಅಂತ ಡಾಕ್ಟರ್ ಅಂದಾರ. ಅಪ್ಪಾ ಆಣಿ ಮಾಡೀನಿ ಅಂತ ಕುಂತಾನ. ನೀವರ ಬಂದು ಹೇಳ್ರಿ."

ಹಿಟ್ಟಿನ ಕೈಯಲ್ಲೇ ಎದ್ದು ಹೋದೆ. ಮುಕಾದಮರು ಕಾಲಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದರು. ನಾನು ನೆಲದ ಮೇಲೆ ಕೂತು, ಗಂಜಿಯ ಕೊಡದಿಂದ ಬಕೆಟ್ಟಿನ ಸಾಲಿನವರೆಗೆ ಎಲ್ಲವನ್ನೂ ಹೇಳಿದೆ. ಮಗಳು ಬಾಗಿಲಲ್ಲಿ ನಿಂತು ಕೇಳಿದಳು.

ಮುಕಾದಮರು ಕಾಲಿನ ಪಟ್ಟಿಯ ಗಂಟು ಬಿಚ್ಚಿ ಮತ್ತೆ ಕಟ್ಟಿದರು.

"ವಾಕಡದ ಕೆಲಸ ಹೋತಲ್ಲೋ, ಮಳಿರಾಜಾ," ಎಂದರು ಕೊನೆಗೆ.

"ಹೌದ್ರಿ."

"ದಿನಾ ಉಣ್ಣಾಕ ಬರ್ತಿದ್ದೆ. ನೀ ಒಂದ ದಿನಾನೂ ಹೇಳಲಿಲ್ಲ."

"ಇಲ್ರಿ."

ಗೋಡೆಯ ಕಡೆ ಮುಖ ತಿರುಗಿಸಿದರು. ಎದ್ದು ಹೋಗು ಎನ್ನುತ್ತಾರೆ ಎಂದುಕೊಂಡೆ. ಮತ್ತೆ ಈ ಕಡೆ ತಿರುಗಿದಾಗ ಅವರ ಮುಖವೇ ಬೇರೆ.

"ಹಂಗಾದ್ರ ಆ ಮುದುಕನ ನೀರು ನನ್ನಿಂದ ಕೆಟ್ಟಿದ್ದಲ್ಲ?"

"ಅಲ್ರಿ."

"ನನ್ನಿಂದ ಅಲ್ಲ," ಎಂದು ಮಗಳಿಗೆ ಹೇಳಿದರು. "ಕೇಳಿದಿಲ್ಲೋ ಯವ್ವಾ, ನನ್ನಿಂದ ಅಲ್ಲಂತ." ಕಣ್ಣಲ್ಲಿ ನೀರಿತ್ತು. ಬರಿಗಾಲಲ್ಲ, ಒಂದು ಮನೆಯ ನೀರು ಕೆಡಿಸಿದೆನೆಂಬ ಮಾತೇ ಅವರನ್ನು ಅಷ್ಟು ವರ್ಷ ಸುಟ್ಟದ್ದು ಎಂದು ನನಗೆ ಆಗ ಗೊತ್ತಾಯಿತು. ಕಣ್ಣೊರೆಸಿಕೊಂಡು ನನ್ನನ್ನು ನೋಡಿದರು.

"ಅದನ್ನ ಏನಂತ ತಿಳ್ಕೊಂಡಿದ್ದಿ?"

"ಬಚ್ಚಲಾ ಅಂತ ತಿಳಿದಿದ್ನ್ರಿ."

"ಬಚ್ಚಲಾ," ಎಂದರು. ತುಟಿಯ ಒಂದು ಕೊನೆ ಅಲುಗಿತು. ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದರು. ಮಗಳು ನೀರು ತಂದರೆ ಕುಡಿಯಲಾಗದೆ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡರು. "ಇವನ ಮುಂದ ತಾಜಮಹಲ್ ಇಟ್ಟಿದ್ರ ಅಲ್ಲೂ ಗಂಜಿ ಬಸೀತಿದ್ದ."

ಚಪ್ಪಲಿ ಕೊಳ್ಳಲು ಮರುದಿನ ಮೂವರೂ ಹೋದೆವು. ಮೂರು ಅಂಗಡಿ ತಿರುಗಿದರೂ ಆ ಬೆರಳುಗಳಿಗೆ ಒಂದು ಜೋಡಿ ಹೊಂದಲಿಲ್ಲ. ಕೊನೆಗೆ ಕಾಲಿನ ಅಳತೆ ಕೊಟ್ಟು ಮೆತ್ತನೆಯದೊಂದು ಮಾಡಿಸಿದೆವು. ಮೊದಲ ವಾರ ಅದನ್ನು ಹಾಕಿಕೊಂಡು ಕೆಸರಿನಲ್ಲಿ ಕೋಳಿ ನಡೆದಂತೆ ಕಾಲೆತ್ತಿ ಎತ್ತಿ ಇಡುತ್ತಿದ್ದರು. ಗಾಯ ಮಾಯಿತು. ಪಾದ ಉಳಿಯಿತು.

ನನಗೆ ಅವರು ಕೊಟ್ಟ ಶಿಕ್ಷೆ ಒಂದೇ. ನಾಕಾಕ್ಕೆ ಹೊಸಬರು ಬಂದಾಗಲೆಲ್ಲ ಅವರನ್ನು ಖಾನಾವಳಿಗೆ ಕರೆತಂದು ಬೆಂಚಿನ ಮೇಲೆ ಕೂರಿಸಿ, "ಹೇಳು, ಮಳಿರಾಜಾ," ಎನ್ನುತ್ತಿದ್ದರು. ಹೊಸ ಊರಿಗೆ ಹೋದರೆ ಮೊದಲು ಕೇಳಬೇಕು, ಆಮೇಲೆ ಚೆಲ್ಲಬೇಕು ಎಂಬುದು ಅವರ ಪಾಠ. ಮೊದಮೊದಲು ನಾನು ತಲೆ ತಗ್ಗಿಸಿ ಹೇಳುತ್ತಿದ್ದೆ. ಹತ್ತನೆಯ ಸಲಕ್ಕೆ ಎಲ್ಲಿ ನಿಲ್ಲಿಸಿದರೆ ಜನ ನಗುತ್ತಾರೆ ಎಂಬುದೂ ಗೊತ್ತಾಯಿತು. ಕ್ಷಮಿಸಿದಿರೋ ಎಂದು ಒಮ್ಮೆ ಕೇಳಿದ್ದಕ್ಕೆ, "ತುಪ್ಪ ನಿಲ್ಲಿಸಬ್ಯಾಡ," ಎಂದರು.

ಹೋದ ಮಾಘದಲ್ಲಿ ಅವರು ತೀರಿಕೊಂಡರು, ಮಧ್ಯಾಹ್ನದ ನಿದ್ದೆಯಲ್ಲಿ. ಈಗ ಹೇಳು ಎನ್ನುವವರಿಲ್ಲ. ಆದರೂ ಹೊಸಬರು ಬಂದರೆ ಹೇಳುತ್ತೇನೆ. ಹೇಳುವಾಗ ಒಂದು ಮಾತನ್ನು ಬಿಡಬಾರದೆಂದು ಅವರು ಪ್ರತಿ ಸಲವೂ ನಡುವೆ ಬಾಯಿ ಹಾಕುತ್ತಿದ್ದರು. ಅವರ ಮಾತಿನಲ್ಲೇ ಅದನ್ನು ಇಲ್ಲಿ ಬರೆದಿಡುತ್ತೇನೆ: "ನೀರು ಕೆಡಿಸಿದ್ದು ಇವ. ಆದ್ರ ಚಪ್ಪಲಿ ಹಾಕ್ಕೊಂಡು ಅವರ ಅಂಗಳ ತುಳಿದಿದ್ದು ನಾನಽ. ಅದನ್ನೂ ಹೇಳು, ಮುಚ್ಚಬ್ಯಾಡ."